ತಮಟೆ, ಲಾಗ್ ಡ್ರಮ್, ಕಿಕ್: ಮೂರನ್ನೂ ಒಂದೇ ಡ್ಯಾನ್ಸ್ ಟ್ರ್ಯಾಕ್‌ನಲ್ಲಿ ಕೂರಿಸುವ ಸಮಗ್ರ ಮಾರ್ಗದರ್ಶಿ

ಜಾತ್ರೆಯಲ್ಲಿ ತಮಟೆ ರೆಕಾರ್ಡ್ ಮಾಡಿಕೊಂಡು ಬಂದಿರುತ್ತೀರಿ. ಲ್ಯಾಪ್‌ಟಾಪ್‌ಗೆ ಹಾಕಿ, ಕೆಳಗೊಂದು ಕಿಕ್ (ಡ್ರಮ್‌ನ ತಗ್ಗಿನ ದಬ್ ಪೆಟ್ಟು) ಇಟ್ಟು ಪ್ಲೇ ಒತ್ತುತ್ತೀರಿ. ಮೊದಲ ನಾಲ್ಕು ಸೆಕೆಂಡು ಮಜವಾಗಿರುತ್ತದೆ. ಐದನೆಯದಕ್ಕೆ ತಮಟೆ ಒಂದು ದಾರಿ, ಕಿಕ್ ಇನ್ನೊಂದು ದಾರಿ. ಅದನ್ನು ಮುಚ್ಚಲು ರಿವರ್ಬ್ (ಕೋಣೆಯ ಮಾರ್ದನಿ) ಹಾಕುತ್ತೀರಿ, ಆಮೇಲೆ ಇನ್ನೊಂದು ಬೇಸ್, ಆಮೇಲೆ ಯಾರದೋ ಕೊಳಲು. ಕೊನೆಗೆ ಉಳಿಯೋದು ಬರೀ ಗದ್ದಲ.

ನನಗೆ ಕೇಳಿಸಿದ ಇಂಥ ಟ್ರ್ಯಾಕ್‌ಗಳಲ್ಲಿ ತಪ್ಪು ಹೆಚ್ಚುಕಡಿಮೆ ಒಂದೇ. ಕೆಲಸದ ಕ್ರಮ ಉಲ್ಟಾ. ಮೊದಲು ನಡೆ ಸರಿಯಾಗಬೇಕು, ಆಮೇಲೆ ತಗ್ಗಿನ ದನಿ, ಆಮೇಲೆ ಶ್ರುತಿ. ರಿವರ್ಬ್ ಕಟ್ಟಕಡೆಗೆ.

ಇಲ್ಲಿ ಒಂದೇ ಉದಾಹರಣೆ ಹಿಡಿದು ಹೋಗುತ್ತೇನೆ: ನಮ್ಮ ತಮಟೆ, ದಕ್ಷಿಣ ಆಫ್ರಿಕಾದ ಅಮಾಪಿಯಾನೊ ಅನ್ನುವ ಡ್ಯಾನ್ಸ್ ಸಂಗೀತದಲ್ಲಿ ಬರುವ ಲಾಗ್ ಡ್ರಮ್ ಅನ್ನುವ ಬೇಸ್ ದನಿ, ಜೊತೆಗೆ ಸಾದಾ ಹೌಸ್ ಕಿಕ್. ವೇಗ 112 ಬಿಪಿಎಂ, ಅಂದರೆ ನಿಮಿಷಕ್ಕೆ 112 ಬೀಟ್. ಡೊಳ್ಳು ಯಾಕೆ ಬೇಡ ಅಂದರೆ, ಡೊಳ್ಳು ಮತ್ತು ಲಾಗ್ ಡ್ರಮ್ ಎರಡಕ್ಕೂ ತಗ್ಗಿನ ಜಾಗವೇ ಬೇಕು. ಒಂದೇ ಸೀಟಿಗೆ ಇಬ್ಬರು ಟವೆಲ್ ಹಾಕಿದ ಹಾಗೆ. ತಮಟೆಯ ದನಿ ಮೇಲಿರುತ್ತದೆ, ಚುರುಕಾಗಿರುತ್ತದೆ. ಮೊದಲ ಟ್ರ್ಯಾಕ್‌ಗೆ ಅದೇ ಸಲೀಸು.

ಬೇಕಾದ ಸಾಮಾನು

ಸಂಗೀತ ಮಾಡುವ ಒಂದು ಸಾಫ್ಟ್‌ವೇರ್: ಎಫ್‌ಎಲ್ ಸ್ಟುಡಿಯೊ, ಏಬಲ್ಟನ್ ಲೈವ್, ರೀಪರ್ ಯಾವುದಾದರೂ ನಡೆಯುತ್ತದೆ. ರೀಪರ್ 60 ದಿನ ಪುಕ್ಕಟೆ ಓಡಿಸಿ ನೋಡಬಹುದು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಒಂದು. ಸಣ್ಣ ಹ್ಯಾಂಡಿ ರೆಕಾರ್ಡರ್, ಇಲ್ಲದಿದ್ದರೆ ವೇವ್ ಫಾರ್ಮ್ಯಾಟ್‌ನಲ್ಲಿ ರೆಕಾರ್ಡ್ ಮಾಡುವ ಆ್ಯಪ್ ಇರುವ ಫೋನ್. ದನಿಯ ಎತ್ತರ-ತಗ್ಗು ಕಣ್ಣಿಗೆ ಕಾಣಲು ವೋಕ್ಸೆಂಗೊ ಸ್ಪ್ಯಾನ್ ಅನ್ನುವ ಉಚಿತ ಪ್ಲಗಿನ್. ಜೊತೆಗೆ ಹಳೇ ಪೇಪರ್ ಒಂದು ಕಟ್ಟು, ಬೆಂಕಿಪೊಟ್ಟಣ. ನಗಬೇಡಿ, ಮುಂದೆ ಗೊತ್ತಾಗುತ್ತದೆ.

ಹಂತ 1: ತಮಟೆ ರೆಕಾರ್ಡ್ ಮಾಡಿಕೊಳ್ಳುವುದು

ಜಾತ್ರೆಯ ರೆಕಾರ್ಡಿಂಗ್ ನೆನಪಿಗೆ ಚೆನ್ನಾಗಿದೆ, ಟ್ರ್ಯಾಕ್‌ಗೆ ಆಗುವುದಿಲ್ಲ. ಪಟಾಕಿ, ಜನರೇಟರು, ಪಕ್ಕದಲ್ಲೇ ಇನ್ನೊಂದು ತಂಡ. ಬಾರಿಸುವವರನ್ನು ಬೇರೆ ದಿನ ಕೇಳಿಕೊಂಡು ಹೋಗಿ. ಕೇಳುವಾಗಲೇ ಇದು ಯಾತಕ್ಕೆ, ಎಲ್ಲಿ ಹಾಕುತ್ತೀರಿ, ಎಷ್ಟು ಕೊಡುತ್ತೀರಿ, ಹೆಸರು ಹೇಗೆ ಹಾಕಬೇಕು ಅಂತ ಬಾಯಿಬಿಟ್ಟು ಹೇಳಿ, ಒಪ್ಪಿಕೊಂಡ ಮಾತನ್ನು ಒಂದು ಮೆಸೇಜ್ ಆಗಿಯಾದರೂ ಇಟ್ಟುಕೊಳ್ಳಿ.

ಊರ ತಾಳ ಯಾರ ಆಸ್ತಿಯೂ ಅಲ್ಲ ಅನ್ನುವುದು ನಿಜ. ಆದರೆ ಒಂದು ರೆಕಾರ್ಡಿಂಗ್‌ಗೆ ಮಾಲೀಕರಿರುತ್ತಾರೆ. ನಮ್ಮ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ, ಬಾರಿಸಿದವರ ಹಕ್ಕು 50 ವರ್ಷ. ಯೂಟ್ಯೂಬ್‌ನಿಂದ ಎತ್ತಿಕೊಂಡ ತಮಟೆ ಎಂದಾದರೂ ಒಂದು ದಿನ ಕ್ಲೇಮ್ ಆಗಿ ವಾಪಸ್ ಬರುತ್ತದೆ. ಕಂಸಾಳೆ ಥರದ್ದಾದರೆ ಇನ್ನೊಂದು ಮಾತು. ಅದು ಮಾದಪ್ಪನ ಸೇವೆಯ ವಾದ್ಯ, ಬರೀ ತಾಳವಲ್ಲ. ಕ್ಲಬ್ ಟ್ರ್ಯಾಕ್‌ಗೆ ಅಂತ ಮುಚ್ಚುಮರೆಯಿಲ್ಲದೆ ಹೇಳಿ ಕೇಳಿ. ಬೇಡ ಅಂದರೆ ಬಿಟ್ಟುಬಿಡಿ.

ಈಗ ಬೆಂಕಿಯ ವಿಷಯ. ತಮಟೆಯ ಚರ್ಮವನ್ನು ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಕಾದರೆ ಚರ್ಮ ಬಿಗಿಯಾಗಿ ದನಿ ಟಣ್ ಅನ್ನುತ್ತದೆ. ಆರುತ್ತಾ ಬಂದಂತೆ ಸಡಿಲವಾಗಿ ದನಿ ಇಳಿಯುತ್ತದೆ. ನನ್ನ ಮೊದಲ ಸಲದ ಕಥೆ ಕೇಳಿ: ತುಂತುರು ಬಿದ್ದು ನಿಂತ ಸಂಜೆ, ಮೂರು ಟೇಕ್ ತೆಗೆದುಕೊಂಡೆ, ನಡುವೆ ಟೀ ಕುಡಿದು ಹರಟೆ ಹೊಡೆದೆವು. ಮನೆಗೆ ಬಂದು ಮೊದಲ ಟೇಕ್‌ನ ತುಂಡಿಗೆ ಮೂರನೇ ಟೇಕ್‌ನ ತುಂಡು ಅಂಟಿಸಿದರೆ ಎರಡು ಬೇರೆ ಬೇರೆ ತಮಟೆಗಳ ಹಾಗೆ ಕೇಳುತ್ತಿತ್ತು. ಒಂದು ಬಿಗಿ, ಇನ್ನೊಂದು ನೆನೆದ ಹಪ್ಪಳ. ಅವತ್ತಿನ ಇಡೀ ಕೆಲಸ ಹೋಯಿತು. ಈಗ ಪ್ರತಿ ಟೇಕ್ ಮುಂಚೆ "ಅಣ್ಣಾ, ಇನ್ನೊಂದ್ಸಲ ಕಾಯ್ಸೋಣ್ವಾ?" ಅಂತ ನಾನೇ ಪೇಪರ್ ಹಚ್ಚುತ್ತೇನೆ.

ಜಾಗ ಬಯಲಾಗಿರಲಿ. ಗೋಡೆ, ತಗಡಿನ ಶೀಟು ಹತ್ತಿರ ಇರಬಾರದು. ಸಮುದಾಯ ಭವನದ ಹಾಲ್‌ನಲ್ಲಿ ದನಿ ಗುಂಯ್ಗುಡುತ್ತದೆ, ಆ ಗುಂಯ್ ಒಮ್ಮೆ ರೆಕಾರ್ಡಿಂಗ್ ಒಳಗೆ ಸೇರಿದರೆ ತೆಗೆಯೋದು ಬಹಳ ಕಷ್ಟ. ಮೈಕ್ ಒಂದೂವರೆ-ಎರಡು ಮೀಟರ್ ದೂರ ಇಡಿ. ಸೆಟ್ಟಿಂಗ್ 48 ಕಿಲೋಹರ್ಟ್ಜ್, 24 ಬಿಟ್. ಜೋರಾದ ಪೆಟ್ಟು ಮೈನಸ್ 12 ಡೆಸಿಬೆಲ್ ಆಸುಪಾಸು ನಿಲ್ಲಲಿ. ಫೋನ್ ಆದರೆ ಆಟೊ ಗೇನ್ ಆಫ್ ಮಾಡಿ, ಇಲ್ಲದಿದ್ದರೆ ಅದು ಜೋರು ಪೆಟ್ಟನ್ನು ತಾನೇ ಒತ್ತಿ, ಮೆಲು ಪೆಟ್ಟನ್ನು ತಾನೇ ಎತ್ತಿ ಎಲ್ಲವನ್ನೂ ಸಪ್ಪೆ ಮಾಡಿಬಿಡುತ್ತದೆ.

ಮೊದಲು ಬಿಡಿ ಪೆಟ್ಟುಗಳು: ದಪ್ಪ ಕೋಲಿಂದ ಹತ್ತು, ಸಣ್ಣ ಕಡ್ಡಿಯಿಂದ ಹತ್ತು, ಜೋರು ಐದು ಮೆಲ್ಲಗೆ ಐದು. ಆಮೇಲೆ ಎರಡು ನಿಮಿಷ ಒಂದೇ ನಡೆ, ನಿಲ್ಲಿಸದೆ. ಒಂದು ಕಿವಿಗೆ ಇಯರ್‌ಫೋನ್ ಹಾಕಿ 112ರ ಕ್ಲಿಕ್ ಕೇಳಿಸಿ. ಕೆಲವರಿಗೆ ಅದು ಕಿರಿಕಿರಿ. ಹಾಗಿದ್ದರೆ ಒತ್ತಾಯ ಮಾಡಬೇಡಿ, ಅವರ ವೇಗದಲ್ಲೇ ಬಾರಿಸಲಿ. ಮುಂದೆ ಸರಿ ಮಾಡಿಕೊಳ್ಳಬಹುದು.

ಎಚ್ಚರಿಕೆಯ ಗುರುತು: ಅಲೆಯ ಚಿತ್ರದಲ್ಲಿ ತುದಿಗಳೆಲ್ಲ ಕತ್ತಿಯಿಂದ ಸವರಿದ ಹಾಗೆ ಚಪ್ಪಟೆಯಾಗಿದ್ದರೆ ದನಿ ಒಡೆದಿದೆ. ಅಲ್ಲೇ ಮತ್ತೆ ತೆಗೆದುಕೊಳ್ಳಿ. ಇನ್ನೊಂದು, ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಆಗಿ ಕಳಿಸಬೇಡಿ. ಡಾಕ್ಯುಮೆಂಟ್ ಆಗಿ ಕಳಿಸಿ.

ಹಂತ 2: ನಡೆ ಮೂರರದೋ ನಾಲ್ಕರದೋ?

ಮಿಕ್ಕೆಲ್ಲ ಸರಿಯಿದ್ದು ಸೋಲುವವರು ಸೋಲುವುದು ಇಲ್ಲೇ. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ.

ರೆಕಾರ್ಡಿಂಗ್ ಹಾಕಿ, ಕಣ್ಣು ಮುಚ್ಚಿ, ಕಾಲು ತಟ್ಟಿ. ಕಾಲಿನ ಒಂದು ತಟ್ಟಿನಿಂದ ಇನ್ನೊಂದರ ನಡುವೆ ಬಾಯಲ್ಲಿ "ತಕಧಿಮಿ" ಅಂದು ನೋಡಿ. ಆಮೇಲೆ "ತಕಿಟ" ಅಂದು ನೋಡಿ. ಯಾವುದು ತಮಟೆಯ ಪೆಟ್ಟಿನ ಮೇಲೆ ಜಾರದೆ ಕೂರುತ್ತದೋ ಅದೇ ನಿಮ್ಮ ನಡೆ. ಜನಪದ ಕುಣಿತದ ಬಡಿತ ಎಷ್ಟೋ ಸಲ ತಕಿಟದ್ದು, ಅಂದರೆ ತಿಶ್ರ. ಸಾಫ್ಟ್‌ವೇರ್‌ನ ಗ್ರಿಡ್ (ಕಾಲದ ಗೆರೆಗಳು) ಮಾತ್ರ ಕೇಳದೆಯೇ ನಾಲ್ಕಾಗಿ ಸೀಳಿರುತ್ತದೆ. ಮೂರರ ನಡೆಯನ್ನು ನಾಲ್ಕರ ಗ್ರಿಡ್‌ಗೆ ಎಳೆದು ಕೂರಿಸಿದರೆ ಕುಣಿತ ಹೋಗಿ ಕವಾಯತು ಆಗುತ್ತದೆ.

ಸಾಫ್ಟ್‌ವೇರ್ ತಾನಾಗೇ ಹೇಳುವ ವೇಗವನ್ನು ಕಣ್ಣುಮುಚ್ಚಿ ನಂಬಬೇಡಿ. ನೀವು ಕಾಲು ತಟ್ಟಿದರೆ 112 ಬರುತ್ತದೆ, ಅದು 168 ಅನ್ನುತ್ತದೆ. ಹಾಗಿದ್ದರೆ ಅದು ಮೂರರ ಗುಂಪನ್ನು ಎರಡೆರಡಾಗಿ ಎಣಿಸುತ್ತಿದೆ. 112ರ ಒಂದೂವರೆ ಪಟ್ಟು 168 ಅಲ್ವಾ? ಎರಡು ಸಂಖ್ಯೆಗಳ ನಡುವೆ ಈ ಒಂದೂವರೆಯ ನಂಟು ಕಂಡರೆ ನಡೆ ಬಹುಮಟ್ಟಿಗೆ ತಿಶ್ರ. ಪ್ರಾಜೆಕ್ಟ್ 112ರಲ್ಲೇ ಇರಲಿ, ಗ್ರಿಡ್ ಅನ್ನು ಟ್ರಿಪ್ಲೆಟ್‌ಗೆ (ಮೂರರ ಸೀಳಿಗೆ) ಬದಲಾಯಿಸಿ.

ಅಮಾಪಿಯಾನೊದ ಶೇಕರ್ (ಗಿಲಕಿಯಂಥ ದನಿ) ಸಾಮಾನ್ಯವಾಗಿ ತಕಧಿಮಿಯಲ್ಲಿ ಹೋಗುತ್ತದೆ. ನಿಮ್ಮ ತಮಟೆ ತಕಿಟದಲ್ಲಿದ್ದರೆ ಎರಡೂ ಒಟ್ಟಿಗೆ ಕೂರುವುದಿಲ್ಲ. ಒಬ್ಬರು ಬಗ್ಗಲೇಬೇಕು. ನಾನು ಯಾವಾಗಲೂ ಶೇಕರ್ ಅನ್ನು ಬಗ್ಗಿಸುತ್ತೇನೆ, ಯಾಕೆಂದರೆ ಅದನ್ನು ಮೌಸ್‌ನಲ್ಲಿ ಬರೆದಿದ್ದು, ತಮಟೆಯನ್ನು ಮನುಷ್ಯರು ಬಾರಿಸಿದ್ದು.

ನಾಲ್ಕರ ನಡೆ ಸಿಕ್ಕಿದರೆ ಒಳ್ಳೇ ಅವಕಾಶ ಇದೆ. ಬಾಯಲ್ಲಿ "ತಕಿಟ ತಕಿಟ ತಕ" ಅನ್ನಿ. ಮೂರು, ಮೂರು, ಎರಡು, ಒಟ್ಟು ಎಂಟು. ಕೆರಿಬಿಯನ್ ಕಡೆಯ ರೆಗೆಟಾನ್ ಅನ್ನುವ ಡ್ಯಾನ್ಸ್ ಸಂಗೀತದ ಡೆಂಬೊ ಬೀಟ್‌ನ ಬೆನ್ನೆಲುಬು ಇದೇ. 16 ಮನೆಯ ಸೀಕ್ವೆನ್ಸರ್‌ನಲ್ಲಿ ಕಿಕ್ 1, 5, 9, 13ರಲ್ಲಿ, ಸ್ನೇರ್ 4, 7, 12, 15ರಲ್ಲಿ ಇಟ್ಟು ಕೇಳಿ. ಕೆರಿಬಿಯನ್‌ನವರ ಬೀಟು ಹಿಡಿಯಲು ನಮಗೆ ಬೇರೆ ಪಾಠ ಬೇಡ, ತಾಳವನ್ನು ಬಾಯಲ್ಲೇ ಹೇಳುವ ಕೊನ್ನಕೋಲು ಸಾಕು.

ಹಂತ 3: ತಮಟೆಯನ್ನು ಗ್ರಿಡ್‌ಗೆ ತರುವುದು, ಆದರೆ ಕಟ್ಟಿಹಾಕದೆ

ಎರಡು ನಿಮಿಷದಲ್ಲಿ ಅತಿ ಸಮವಾಗಿ ಓಡಿದ 4 ಅಥವಾ 8 ಬಾರ್ (ಒಂದು ಬಾರ್ ಅಂದರೆ 4 ಬೀಟ್) ಹುಡುಕಿ. ಪೂರ್ತಿ ಎರಡು ನಿಮಿಷ ಬೇಕಿಲ್ಲ. ಆ ತುಂಡಿನ ಮೊದಲ ಬಾರ್‌ನ ಮೊದಲ ಪೆಟ್ಟನ್ನು ಗ್ರಿಡ್‌ನ ಒಂದನೇ ಗೆರೆಗೆ ಇಡಿ. ಆಮೇಲೆ ಪ್ರತಿ ಬಾರ್‌ನ ಮೊದಲ ಪೆಟ್ಟನ್ನು ಮಾತ್ರ ಗೆರೆಗೆ ಎಳೆಯಿರಿ, ನಡುವಿನದನ್ನು ಮುಟ್ಟಬೇಡಿ.

ಎಷ್ಟು ಎಳೆಯಬಹುದು? ಅವರು 104ರಲ್ಲಿ ಬಾರಿಸಿದ್ದನ್ನು 112ಕ್ಕೆ ತಂದರೆ ಸುಮಾರು ಶೇ 8ರಷ್ಟು ವೇಗ ಹೆಚ್ಚಿಸಿದ ಹಾಗೆ. ಅಷ್ಟು ತಡೆಯುತ್ತದೆ. ಶೇ 10 ದಾಟಿದರೆ ಪೆಟ್ಟಿನ ಮೊನೆ ಮೊಂಡಾಗತೊಡಗುತ್ತದೆ. ಆಗ ಟ್ರ್ಯಾಕ್‌ನ ವೇಗವನ್ನೇ ತಮಟೆಯ ಕಡೆ ಸರಿಸಿ. 108ರಲ್ಲಿ ಟ್ರ್ಯಾಕ್ ಮಾಡಿದರೆ ಯಾರೂ ಜೈಲಿಗೆ ಹಾಕಲ್ಲ. ಏಬಲ್ಟನ್‌ನಲ್ಲಿ ವೇಗ ಬದಲಿಸುವ ವಾರ್ಪ್ ಮೋಡ್ 'ಬೀಟ್ಸ್' ಇರಲಿ, 'ಕಾಂಪ್ಲೆಕ್ಸ್' ಹಾಕಿದರೆ ಪೆಟ್ಟು ಬ್ಲರ್ ಆಗುತ್ತದೆ. ಬೇರೆ ಸಾಫ್ಟ್‌ವೇರ್‌ನಲ್ಲೂ ತಾಳವಾದ್ಯಕ್ಕೆ ಅಂತಲೇ ಒಂದು ಆಯ್ಕೆ ಇರುತ್ತದೆ.

112 ಬಿಪಿಎಂನಲ್ಲಿ ಒಂದು ಬೀಟ್ ಅಂದರೆ ಸುಮಾರು 536 ಮಿಲಿಸೆಕೆಂಡು, ಅದರ ಕಾಲು ಭಾಗ 134. ಈ ಲೆಕ್ಕ ಗೋಡೆಗೆ ಅಂಟಿಸಿಕೊಳ್ಳಿ. ತಮಟೆಯ ಪೆಟ್ಟು ಕಿಕ್‌ಗಿಂತ 10-15 ಮಿಲಿಸೆಕೆಂಡು ಹಿಂದೆ ಮುಂದೆ ಇದ್ದರೆ ಅದು ಜೀವ. 40 ಆದರೆ ಎರಡು ಬೇರೆ ಪೆಟ್ಟಾಗಿ ಕೇಳುತ್ತದೆ, ಯಾರೋ ಎಡವಿದ ಹಾಗೆ. ಅಂಥದ್ದನ್ನು ಕೈಯಿಂದ ಸರಿಸಿ. ಆಟೊ ಕ್ವಾಂಟೈಸ್ (ಪೆಟ್ಟನ್ನು ತಾನೇ ಗೆರೆಗೆ ಎಳೆಯುವುದು) ಹಾಕಲೇಬೇಕು ಅನ್ನುವವರು ಶೇ 50ಕ್ಕೆ ನಿಲ್ಲಿಸಿ.

ಪರೀಕ್ಷೆ ಸುಲಭ. ಕಿಕ್ ಮತ್ತು ತಮಟೆ ಎರಡೇ ಹಾಕಿಕೊಂಡು ಐದು ನಿಮಿಷ ಬಿಡಿ, ಅಡುಗೆಮನೆಗೆ ಹೋಗಿ ಬನ್ನಿ. ದೂರದಿಂದ ಕೇಳುವಾಗ ತಲೆ ತಾನಾಗೇ ಆಡಿದರೆ ಮುಂದಿನ ಹಂತ. ಎಲ್ಲೋ ಒಂದು ಕಡೆ ಪ್ರತಿ ಸಲ ಮುಜುಗರ ಆಗುತ್ತಿದ್ದರೆ ಆ ಬಾರ್ ಸರಿಯಿಲ್ಲ. ಈ ಎರಡೇ ದನಿ ಕುಣಿಸದಿದ್ದರೆ ಮೇಲೆ ಏನು ಸುರಿದರೂ ಕುಣಿಸುವುದಿಲ್ಲ.

ಹಂತ 4: ತಗ್ಗಿನ ಜಾಗ ಯಾರದು?

ಲಾಗ್ ಡ್ರಮ್ ಅನ್ನುವ ಹೆಸರು ನೋಡಿ ಮರದ ದಿಮ್ಮಿ ಅಂದುಕೊಳ್ಳಬೇಡಿ. ಅಮಾಪಿಯಾನೊದವರು ಹಾಗೆ ಕರೆಯುವುದು ಒಂದು ಸಿಂಥ್ ದನಿಯನ್ನು. ಎಫ್‌ಎಲ್ ಸ್ಟುಡಿಯೊದ ಡಿಎಕ್ಸ್10 ಅನ್ನುವ ಎಫ್‌ಎಂ (ಒಂದು ಅಲೆಯಿಂದ ಇನ್ನೊಂದನ್ನು ಅಲುಗಾಡಿಸಿ ದನಿ ಹುಟ್ಟಿಸುವ) ಸಿಂಥ್‌ನಿಂದ ಹಬ್ಬಿದ್ದು. ಅದು ಇಲ್ಲದಿದ್ದರೆ ಹೀಗೆ ಮಾಡಿಕೊಳ್ಳಿ: ಒಂದು ಸೈನ್ ಅಲೆ, ಶುರುವಿನಲ್ಲಿ ಪಿಚ್ ಸರ್ರನೆ ಇಳಿಯಬೇಕು, ಅದರ ಜೊತೆ ಇನ್ನೊಂದು ಆಸಿಲೇಟರ್‌ನಿಂದ ಒಂದು ಕ್ಷಣ ಮಾತ್ರ ಎಫ್‌ಎಂ. ಆಗ "ಟೊಂಕ್" ಅನ್ನುತ್ತದೆ. ಬಾಲ 300ರಿಂದ 500 ಮಿಲಿಸೆಕೆಂಡು ಇರಲಿ. ಕೊನೆಗೆ ಸ್ವಲ್ಪ ಡಿಸ್ಟಾರ್ಷನ್.

ಡಿಸ್ಟಾರ್ಷನ್ ಶೋಕಿಗಲ್ಲ. ತಗ್ಗಿನ ಜಿ ಸ್ವರ 49 ಹರ್ಟ್ಜ್. ಫೋನ್ ಸ್ಪೀಕರ್‌ನಿಂದ ಅದು ಹೊರಗೇ ಬರುವುದಿಲ್ಲ. ಡಿಸ್ಟಾರ್ಷನ್ ಅದರ ಮೇಲೆ 98, 147 ಹೀಗೆ ಮರಿಗಳನ್ನು ಹುಟ್ಟಿಸುತ್ತದೆ. ಮರಿಗಳು ಕೇಳಿದರೆ ಕಿವಿ ತಾಯಿಯನ್ನು ತಾನೇ ಊಹಿಸಿಕೊಳ್ಳುತ್ತದೆ.

ಈ ಟ್ರ್ಯಾಕ್‌ನಲ್ಲಿ ಬೇಸ್‌ನ ಯಜಮಾನ ಲಾಗ್ ಡ್ರಮ್. ಹಾಗಾಗಿ ಕಿಕ್ ಮೆತ್ತಗಿರಬೇಕು, ಬಾಲ ಗಿಡ್ಡ ಇರಬೇಕು. ಹೌಸ್‌ನ ದೊಡ್ಡ ಕಿಕ್ ತಂದು ಇಟ್ಟರೆ ಇಬ್ಬರೂ ಸಾಯುತ್ತಾರೆ. ಲಾಗ್ ಡ್ರಮ್ ಮೇಲೆ ಕಂಪ್ರೆಸರ್ (ಜೋರು ದನಿಯನ್ನು ಒತ್ತುವ ಪ್ಲಗಿನ್) ಹಾಕಿ ಕಿಕ್‌ನಿಂದ ಸೈಡ್‌ಚೈನ್ ಕೊಡಿ. ರೇಷಿಯೊ 4:1, ಅಟ್ಯಾಕ್ 1ರಿಂದ 5 ಮಿಲಿಸೆಕೆಂಡು, ರಿಲೀಸ್ 100ರಿಂದ 150. ಕಿಕ್ ಬಂದಾಗ ಅದು ತಲೆ ತಗ್ಗಿಸಿ ಮತ್ತೆ ಏಳುತ್ತದೆ. ತಮಟೆಯ ಮೇಲೆ ಹೈಪಾಸ್ ಫಿಲ್ಟರ್ ಹಾಕಿ 150 ಹರ್ಟ್ಜ್‌ಗಿಂತ ಕೆಳಗಿನದನ್ನು ತೆಗೆಯಿರಿ. ಒಂಟಿಯಾಗಿ ಕೇಳಿದರೆ ತಮಟೆ ಬಡಕಲಾಯಿತು ಅನ್ನಿಸುತ್ತದೆ, ಒಟ್ಟಿಗೆ ಕೇಳಿದರೆ ಸರಿ ಇರುತ್ತದೆ. ಒಂಟಿಯಾಗಿ ಕೇಳುತ್ತಾ ಈಕ್ಯೂ (ತಗ್ಗು-ಮೇಲಿನ ದನಿ ಹೆಚ್ಚುಕಡಿಮೆ) ಮಾಡುವುದು ದೊಡ್ಡ ತಪ್ಪು, ನಾನೂ ವರ್ಷಗಟ್ಟಲೆ ಮಾಡಿದ್ದೇನೆ. 120 ಹರ್ಟ್ಜ್‌ಗಿಂತ ಕೆಳಗಿನ ಎಲ್ಲವೂ ಮೊನೊ (ಎರಡೂ ಸ್ಪೀಕರ್‌ನಲ್ಲಿ ಒಂದೇ ದನಿ) ಆಗಿರಲಿ.

ಲಾಗ್ ಡ್ರಮ್ ಎಲ್ಲಿ ಬಾರಿಸಬೇಕು ಅನ್ನುವುದಕ್ಕೆ ತಮಟೆಯನ್ನೇ ಕೇಳಿ. ಅದು ಉಸಿರು ತೆಗೆದುಕೊಳ್ಳುವ ಜಾಗ ಇರುತ್ತದಲ್ಲ, ಅಲ್ಲಿ ಇಡಿ. ತಮಟೆ ಒಂದು ಮಾತಾಡಲಿ, ಇದು ಹೂಂಗುಟ್ಟಲಿ. ಇಬ್ಬರೂ ಒಟ್ಟಿಗೆ ಮಾತಾಡಿದರೆ ಕೇಳುವವರಿಗೆ ಏನೂ ತಿಳಿಯುವುದಿಲ್ಲ.

ಎಚ್ಚರಿಕೆಯ ಗುರುತು: ಸ್ಪ್ಯಾನ್‌ನಲ್ಲಿ 40ರಿಂದ 100 ಹರ್ಟ್ಜ್ ನಡುವೆ ಯಾವಾಗಲೂ ಒಂದೇ ಎತ್ತರದ ಗುಡ್ಡ ನಿಂತಿದ್ದರೆ ಉಸಿರಾಡಲು ಜಾಗ ಇಲ್ಲ ಅಂತ ಅರ್ಥ. ಆ ಗುಡ್ಡ ಏಳುತ್ತಾ ಬೀಳುತ್ತಾ ಇರಬೇಕು.

ಹಂತ 5: ಶ್ರುತಿ ಮತ್ತು ಸ್ವರ

ಮೇಲೊಂದು ನಾಗಸ್ವರದ ಎಳೆಯೋ ಆಲಾಪವೋ ಬೇಕು ಅನ್ನಿಸುತ್ತದೆ. ಅದಕ್ಕೂ ಮುಂಚೆ ಷಡ್ಜ ಯಾವುದು ನೋಡಿ. ಟ್ಯೂನರ್ ಹಿಡಿದರೆ ಎಷ್ಟೋ ಸಲ ಕೀಬೋರ್ಡ್‌ನ ಎರಡು ಮನೆಗಳ ನಡುವೆ ಬರುತ್ತದೆ, ಜಿಗಿಂತ 30 ಸೆಂಟ್ ಮೇಲೆ ಅನ್ನುವ ಹಾಗೆ (ಪಕ್ಕಪಕ್ಕದ ಎರಡು ಮನೆಗಳ ನಡುವಿನ ನೂರರಲ್ಲೊಂದು ಭಾಗ ಒಂದು ಸೆಂಟ್). ಆಗ ನಾಗಸ್ವರವನ್ನು ಇಳಿಸಬೇಡಿ, ಸಿಂಥ್‌ಗಳನ್ನು 30 ಸೆಂಟ್ ಏರಿಸಿ. ಸಿಂಥ್‌ಗೆ ನೋವಾಗುವುದಿಲ್ಲ.

ಅಮಾಪಿಯಾನೊದ ಕೀಬೋರ್ಡ್ ಕಾರ್ಡ್‌ಗಳು ಜಾಝ್ ಕಡೆಯವು, ಒಂದೊಂದರಲ್ಲಿ ನಾಲ್ಕೈದು ಸ್ವರ. ರಾಗದ ಕೆಳಗೆ ಅವನ್ನು ಹಾಗೇ ಹಾಕಿದರೆ ಒಂದಲ್ಲ ಒಂದು ಸ್ವರ ರಾಗದ ಹೊರಗೆ ಬೀಳುತ್ತದೆ. ಮಧ್ಯಮಾವತಿ ತೆಗೆದುಕೊಳ್ಳಿ. ಷಡ್ಜ ಜಿ ಆದರೆ ಸ್ವರಗಳು ಜಿ, ಎ, ಸಿ, ಡಿ, ಎಫ್. ಗಾಂಧಾರವೇ ಇಲ್ಲ. ನೀವು ಜಿ ಮೈನರ್ ಒತ್ತಿದ ತಕ್ಷಣ ಗಾಂಧಾರ ಒಳಗೆ ಬಂದು ರಾಗದ ಮುಖ ಬದಲಾಗುತ್ತದೆ. ಅದರ ಬದಲು ಜಿ-ಸಿ-ಡಿ ಒಟ್ಟಿಗೆ ಒತ್ತಿ, ಆಮೇಲೆ ಡಿ-ಜಿ-ಎ. ಎರಡೇ ಕಾರ್ಡ್, ಎರಡೂ ರಾಗದೊಳಗೆ. ಪಿಯಾನೊದ ಬಣ್ಣವೂ ಉಳಿಯುತ್ತದೆ.

ಗಮಕದ ಮೇಲೆ ಆಟೊಟ್ಯೂನ್ ಹಾಕಬೇಡಿ. ಅದು ತೂಗಾಡುವ ಸ್ವರವನ್ನು ಮೆಟ್ಟಿಲು ಮಾಡಿಬಿಡುತ್ತದೆ. ಅರಬ್ ಕಡೆಯ ಬಯಾತಿ ಥರದ ಮಕಾಂ (ಅವರ ರಾಗ) ತರುವ ಆಸೆ ಇದ್ದರೆ, ಅಲ್ಲಿನ ಕೆಲವು ಸ್ವರ ಕೀಬೋರ್ಡ್‌ನ ಎರಡು ಮನೆಗಳ ಮಧ್ಯೆ ಇರುತ್ತವೆ. ಸುಮಾರು 50 ಸೆಂಟ್ ಪಿಚ್ ಬೆಂಡ್ ಕೊಡದೆ ಬರುವುದಿಲ್ಲ. ಮೊದಲ ಟ್ರ್ಯಾಕ್‌ನಲ್ಲಿ ಎರಡೂ ಒಟ್ಟಿಗೆ ಬೇಡ. ಮೂರನೇ ದೇಶದ ದನಿ ಬೇಕೇ ಬೇಕಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಬೇಡ ಅನ್ನುವುದೇ ಸಾಮಾನ್ಯವಾಗಿ ಸರಿಯುತ್ತರ.

ಹಂತ 6: ಹೊಲಿಗೆ

ಡ್ಯಾನ್ಸ್ ಟ್ರ್ಯಾಕ್ ನಡೆಯುವುದು 8 ಬಾರ್‌ನ ಕಂತುಗಳಲ್ಲಿ. ಶುರುವಿಗೆ 32 ಬಾರ್ ಬರೀ ತಾಳ ಬಿಡಿ, 112ರಲ್ಲಿ ಅದು 1 ನಿಮಿಷ 9 ಸೆಕೆಂಡು. ಡಿಜೆ ಹಿಂದಿನ ಹಾಡಿನಿಂದ ಇದಕ್ಕೆ ದಾಟಲು ಇಷ್ಟು ಬೇಕು. ಕೊನೆಗೂ ಅಷ್ಟೇ. ತಮಟೆಯನ್ನು ಶುರುವಿನಲ್ಲೇ ಪೂರ್ತಿ ಬಿಚ್ಚಬೇಡಿ. ಮೊದಲು ಸಣ್ಣ ಕಡ್ಡಿಯ ಬಿಡಿ ಪೆಟ್ಟು, 16 ಬಾರ್ ಆದಮೇಲೆ ದಪ್ಪ ಕೋಲು, ಡ್ರಾಪ್‌ನಲ್ಲಿ (ಎಲ್ಲ ದನಿಯೂ ಒಟ್ಟಿಗೆ ಬೀಳುವ ಜಾಗ) ಪೂರ್ತಿ ನಡೆ.

ಮಿಶ್ರ ಛಾಪು, ಅಂದರೆ "ತಕಿಟ ತಕಧಿಮಿ" 7ರ ತಾಳ ಹಾಕುವ ಹುಚ್ಚು ಇರುವವರಿಗೆ ಒಂದು ಉಪಾಯ. ಏಳು ಬೀಟ್‌ನ ಲೂಪ್ ನಾಲ್ಕು ಸಲ ಸುತ್ತಿದರೆ 28 ಬೀಟ್, ಅಂದರೆ ಸರಿಯಾಗಿ 7 ಬಾರ್. ಅಲ್ಲಿಗೆ ಕಿಕ್ ಮತ್ತು ತಮಟೆ ಮತ್ತೆ ಒಟ್ಟಿಗೆ ಒಂದಕ್ಕೆ ಬರುತ್ತವೆ. ಎಂಟನೇ ಬಾರ್ ಖಾಲಿ ಉಳಿಯಿತಲ್ಲ, ಅಲ್ಲಿ ಮುಕ್ತಾಯ ಹಾಕಿ. ಕುಣಿಯುವವರಿಗೆ ನಡುವೆ ಏನೋ ಜಾರುತ್ತಿದೆ ಅನ್ನಿಸುತ್ತದೆ, ಆದರೆ ಎಂಟಕ್ಕೆ ಎಲ್ಲರೂ ಮನೆಗೆ ಬಂದಿರುತ್ತಾರೆ. ಲೂಪ್ ಅನ್ನು ಸುಮ್ನೆ ಓಡಲು ಬಿಟ್ಟರೆ ಮಾತ್ರ ಹದಿನಾರನೇ ಬಾರ್ ಹೊತ್ತಿಗೆ ಮಹಡಿ ಖಾಲಿ.

ಹಂತ 7: ರಿವರ್ಬ್, ಮಟ್ಟ, ಕೊನೆಯ ಪರೀಕ್ಷೆ

ತಮಟೆಯನ್ನೂ ಕೀಬೋರ್ಡನ್ನೂ ಒಂದೇ ರಿವರ್ಬ್ ಚಾನೆಲ್‌ಗೆ ಸ್ವಲ್ಪ ಸ್ವಲ್ಪ ಕಳಿಸಿ. ಬಯಲಲ್ಲಿ ಹುಟ್ಟಿದ ದನಿ, ಲ್ಯಾಪ್‌ಟಾಪ್‌ನಲ್ಲಿ ಹುಟ್ಟಿದ ದನಿ ಎರಡೂ ಒಂದೇ ಕೋಣೆಯಲ್ಲಿ ಕೂತ ಹಾಗಾಗುತ್ತವೆ. ಒಂದೊಂದಕ್ಕೆ ಒಂದೊಂದು ರಿವರ್ಬ್ ಹಾಕಬೇಡಿ. ಕಿಕ್‌ಗೆ, ಲಾಗ್ ಡ್ರಮ್‌ಗೆ ರಿವರ್ಬ್ ಬೇಡವೇ ಬೇಡ.

ಮಾಸ್ಟರ್‌ನಲ್ಲಿ (ಎಲ್ಲ ದನಿ ಸೇರುವ ಕೊನೆಯ ಚಾನೆಲ್) ಮೈನಸ್ 6 ಡೆಸಿಬೆಲ್ ಜಾಗ ಉಳಿಸಿಕೊಂಡು ಮಿಕ್ಸ್ ಮಾಡಿ, ಕೊನೆಗೆ ಲಿಮಿಟರ್ ಹಾಕಿ ತುದಿ ಮೈನಸ್ 1ರಲ್ಲಿ ನಿಲ್ಲಿಸಿ. ಜೋರಿಗೆ ಜೀವ ಬಿಡಬೇಡಿ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡನ್ನೂ ಮೈನಸ್ 14 ಲಫ್ಸ್ (ಜೋರಿನ ಅಳತೆ) ಮಟ್ಟಕ್ಕೆ ತಂದು ಕೇಳಿಸುತ್ತದೆ. ಹಿಂಡಿ ಹಿಪ್ಪೆ ಮಾಡಿದ ತಮಟೆ ಅಲ್ಲಿ ಹಿಪ್ಪೆಯಾಗಿಯೇ ಕೇಳುತ್ತದೆ. ಆಮೇಲೆ ಫೋನ್ ಸ್ಪೀಕರ್, ಕಾರು, ಮೊನೊ ಬಟನ್, ಮೂರರಲ್ಲೂ ಕೇಳಿ. ಮೊನೊ ಒತ್ತಿದಾಗ ತಮಟೆ ಕುಗ್ಗಿದರೆ ಸ್ಟೀರಿಯೊ ಅಗಲ ಮಾಡುವ ಪ್ಲಗಿನ್ ತೆಗೆದುಹಾಕಿ.

ಇನ್ನೊಂದು ಪರೀಕ್ಷೆ ಇದೆ, ಅದನ್ನು ಬಿಡಬೇಡಿ. ಹೊರಗೆ ಹಾಕುವ ಮುಂಚೆ ಬಾರಿಸಿದವರಿಗೇ ಕಳಿಸಿ. ನಾನು ಹಾಗೆ ಕಳಿಸಿದಾಗ ಆ ಅಣ್ಣ ಫೋನನ್ನು ಕಿವಿಗೆ ಹಿಡಿದು ಎರಡು ಸಲ ಕೇಳಿ, ಫೋನ್ ಮಾಡಿ, "ಇಲ್ಲೊಂದು ಏಟು ನುಂಗ್ಬಿಟ್ಟಿದೀರಲ್ಲಾ" ಅಂದರು. ಹುಡುಕಿದರೆ ನಿಜ. ಅವರ ನಡೆ ಒಂದಕ್ಕೆ ಬರುವ ಮುಂಚೆ ಒಂದು ಪುಟ್ಟ ಪೆಟ್ಟು ಇತ್ತು. ನಾನು ಲೂಪನ್ನು ನೇರ ಒಂದರಿಂದ ಕತ್ತರಿಸಿ ಶುರು ಮಾಡಿದ್ದೆ, ಕೊನೆಯಲ್ಲಿ ಹಾಕಿದ್ದ ಉದ್ದದ ಫೇಡ್ ಆ ಪೆಟ್ಟನ್ನು ತಿಂದು ಹಾಕಿತ್ತು. ಫೇಡ್ ಅನ್ನು 5 ಮಿಲಿಸೆಕೆಂಡಿಗೆ ಇಳಿಸಿದೆ, ಮೊದಲ ಲೂಪ್‌ಗೂ ಮುಂಚೆ ಆ ಪೆಟ್ಟನ್ನು ಬಿಡಿಯಾಗಿ ಇಟ್ಟೆ. ಮತ್ತೆ ಕಳಿಸಿದೆ. "ಹ್ಞಾಂ, ಈಗ ಸರಿ" ಅಂದರು.